ಹೊಗೆಯಿಲ್ಲದ ಕೆಂಡ

ಡಿಸೆಂಬರ್ 3, ಬುಧವಾರ

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದೂ ಹಠಕ್ಕೆ! ನಿನ್ನೆ ಅತ್ತೆ ರಾಣೆಬೆನ್ನೂರಿನಿಂದ ಫೋನ್ ಮಾಡಿ, “ಇಂಗ್ಲಿಷ್ ಸಾಲಿ ಕಲ್ತಾಕಿ, ನಿನಗ ಕನ್ನಡ ಬರಿಯಾಕ ಬರತೈತೇನವಾ?” ಎಂದು ನಕ್ಕರು. ಬರುತ್ತದೆ ಲಕ್ಷ್ಮವ್ವನವರೇ. ಒತ್ತಕ್ಷರವೂ ಬರುತ್ತದೆ.

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಸರ್ಜಾಪುರ ರಸ್ತೆಯ ಈ ಪುಟ್ಟ ಬಾಡಿಗೆ ಮನೆ ನನಗೆ ಅರಮನೆ. ಬೆಡ್‌ರೂಮಿನ ಹಳದಿ ಪರದೆ ನಾನೇ ಆರಿಸಿದ್ದು. ನನ್ನ ಈರು (ಈರೇಶ್ ಎಂದರೆ ಯಾರೋ ಆಫೀಸಿನವರಂತೆ ಕೇಳಿಸುತ್ತದೆ) ಬೆಳಗ್ಗೆ ಕಾಫಿ ತರುವಾಗ ಕಪ್ಪಿನ ಕೆಳಗೆ ಟಿಶ್ಯೂ ಮಡಚಿ ಇಟ್ಟಿರುತ್ತಾನೆ. ಟಿಶ್ಯೂ! ಇಡೀ ಬೆಂಗಳೂರಿನಲ್ಲಿ ಇಂಥ ಗಂಡ ಇನ್ನೊಬ್ಬಳಿಗೆ ಸಿಕ್ಕಿದ್ದಾನೆಯೇ?

ಇವತ್ತು ಆ ಟಿಶ್ಯೂ ಜೊತೆಗೇ ಬಾಂಬು ಬಂತು. ಅವನ ತಂಗಿ ಐಶ್ವರ್ಯಾಗೆ ಹೋದ ವಾರ ಮಾರತ್ತಹಳ್ಳಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತಲ್ಲ, ಮಗುವಿನ ತೂಕ ಕಡಿಮೆಯಂತೆ, ವಾರವಾರ ಡಾಕ್ಟರಿಗೆ ತೋರಿಸಬೇಕಂತೆ. ಆದ್ದರಿಂದ ಬಾಣಂತನ ರಾಣೆಬೆನ್ನೂರಿನಲ್ಲಿ ಅಲ್ಲ, ಇಲ್ಲಿ. ಅತ್ತೆಯೂ ಬರುತ್ತಾರೆ. ಬಚ್ಚಲು ಇರುವ ಕೋಣೆ ಬಾಣಂತಿಗೆ ಬೇಕು. ಅಂದರೆ ನಮ್ಮ ಬೆಡ್‌ರೂಮು.

“ಮತ್ತೆ ನಾವು?”

“ಹಾಲ್‌ನಲ್ಲಿ ಮಲ್ಕೊಳ್ಳೋಣ ಸ್ಫೂ. ಕ್ಯಾಂಪಿಂಗ್ ಥರ ಮಜಾ ಇರುತ್ತೆ.”

ನಕ್ಕೆ. ನಕ್ಕಿದ್ದು ತಪ್ಪಾಯಿತು ಎಂದು ಈಗ ಅನಿಸುತ್ತಿದೆ.

ಡಿಸೆಂಬರ್ 10, ಬುಧವಾರ

ಬಂದರು. ಮಹಾರಾಣಿ, ಮಹಾರಾಣಿಯ ಮಗಳು, ರಾಜಮಾತೆ!

ನಮ್ಮ ಮಂಚವನ್ನು ಬಿಚ್ಚಿ ಹಾಲ್‌ನ ಗೋಡೆಗೆ ಒರಗಿಸಿದ್ದಾರೆ. ಅದರ ಜಾಗಕ್ಕೆ ಹಗ್ಗ ಹೆಣೆದ ಹೊರಸು ಬಂದಿದೆ. ಹಳೆಯ ಸೀರೆಯೊಳಗೆ ಸುತ್ತಿ ಅತ್ತೆ ಒಂದು ಕಬ್ಬಿಣದ ಅಗ್ಗಿಷ್ಟಿಕೆಯನ್ನೂ ತಂದಿದ್ದಾರೆ. ತಾಯಿ ಮಗು ಇಬ್ಬರಿಗೂ ಎಣ್ಣೆ ನೀರು ಹಾಕಿದ ಮೇಲೆ ಹೊರಸಿನ ಮೇಲೆ ಮಲಗಿಸಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಕೆಳಗೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಬಿಡುವುದು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಫ್ಯಾನಿನ ಸ್ವಿಚ್ಚಿಗೆ ಬ್ಯಾಂಡೇಜಿನ ಪಟ್ಟಿ ಅಂಟಿಸಿದ್ದಾರೆ, ನಾನು ಮರೆತು ಹಾಕಿಬಿಡುತ್ತೇನಂತೆ.

“ಬಾಣಂತಿ ಮೈ ಕಾಸದಿದ್ರ ಮುಂದ ಸೊಂಟ ಹಿಡಿತೈತಿ. ನಿಮ್ಮ ಕಡೆ ಇದೆಲ್ಲಾ ಇಲ್ಲೇನು?” ಅತ್ತೆ ಕೇಳಿದರು.

“ಜಯನಗರದಲ್ಲಿ ಕೆಂಡ ಸಿಗಲ್ಲ ಅತ್ತೆ,” ಎಂದೆ.

ಈರು ನನ್ನನ್ನು ದುರುಗುಟ್ಟಿ ನೋಡಿದ. ಮದುವೆಯಾದ ಮೇಲೆ ಮೊದಲ ಸಲ.

ಐಶ್ವರ್ಯಾ ನನ್ನ ಪರದೆ ನೋಡಿ, “ಛಲೋ ಅದಾವ್ರೀ ವೈನಿ, ಆದ್ರ ಬೆಳಕು ಕಣ್ಣಿಗೆ ಚುಚ್ಚತೈತಿ,” ಎಂದಳು (ಅತ್ತಿಗೆಗೆ ಅವರ ಕಡೆ ವೈನಿ ಎನ್ನುತ್ತಾರೆ). ಮರುಕ್ಷಣ ಅದರ ಮೇಲೆ ಕಂದು ಬೆಡ್‌ಶೀಟು. ಮೊಳೆ ಹೊಡೆದು!

ಡಿಸೆಂಬರ್ 13, ಶನಿವಾರ

ಮನೆ ಮಾಲೀಕರು ಮೇಲಿನ ಮಹಡಿಯಿಂದ ಇಳಿದು ಬಂದು ಕಿರುಚಾಡಿ ಹೋದರು. ವೆಂಕಟರಮಣಪ್ಪ ಈ ಊರಿನ ಹಳೆಯ ಕುಟುಂಬದವರು. ನಾವಿರುವ ಬಿಲ್ಡಿಂಗ್ ಅವರ ರಾಗಿ ಹೊಲದ ಮೇಲೆ ಎದ್ದದ್ದು.

“ಏನ್ರೀ ಈರೇಶ್, ಮನೆ ಬಾಡಿಗೆಗೆ ಕೊಟ್ಟಿದ್ದಾ, ಇಟ್ಟಿಗೆ ಗೂಡು ಆಕಕ್ಕೆ ಕೊಟ್ಟಿದ್ದಾ? ಒಗೆ ಎಲ್ಲಾ ನಮ್ಮನೆಗೇ ಬತ್ತದೆ! ನಮ್ಮೆಂಗಸ್ರು ಬೆಳಗ್ಗಿಂದ ಕೆಮ್ತಾವ್ರೆ!”

“ಬಾಣಂತಿ ಅದಾಳ್ರೀ ಮನ್ಯಾಗ,” ಅತ್ತೆ ಸೆರಗು ಬಿಗಿದುಕೊಂಡು ಮುಂದೆ ಬಂದರು. “ನಿಮ್ಮನ್ಯಾಗ ಯಾರೂ ಬಾಣಂತನ ಮಾಡಿಲ್ಲೇನು?”

“ಮಾಡವ್ರೆ ಕಣಮ್ಮಾ, ಎಂಚಿನ ಮನೇಲಿ. ಸಂದೀಲಿ ಒಗೆ ಓಯ್ತಿತ್ತು. ಇದು ಡಬ್ಬ. ಇನ್ನೊಂದ್ಸಲ ಒಗೆ ಕಂಡ್ರೆ ಗಂಟು ಮೂಟೆ ಕಟ್ಟಿ, ಅಷ್ಟೇ!”

ಈರು ‘ಸಾರಿ ಸಾರ್, ಸಾರಿ ಸಾರ್’ ಎನ್ನುತ್ತ ಲಿಫ್ಟಿನವರೆಗೂ ಹೋದ. ಅತ್ತೆ, ಮಾಲೀಕರು ಇಬ್ಬರೂ ಕಚ್ಚಾಡಲಿ ಎಂದು ನಾನು ಸೋಫಾದಲ್ಲಿ ಕುಳಿತು ಆನಂದಪಟ್ಟೆ. ದೇವರು ಕ್ಷಮಿಸಲಿ, ಬಹಳ ಆನಂದಪಟ್ಟೆ.

ಡಿಸೆಂಬರ್ 14, ಭಾನುವಾರ

ಗೆದ್ದೆ!!!

ಕಾಲೇಜಿನ ಟ್ರಿಪ್ಪಿನಲ್ಲಿ ಬಾರ್ಬೆಕ್ಯೂ ಮಾಡಿದ್ದು ನೆನಪಾಯಿತು. ಆ ಇದ್ದಲು ಹೊಗೆಯನ್ನೇ ಬಿಡುವುದಿಲ್ಲ. ಆ್ಯಪ್‌ನಲ್ಲಿ ಹುಡುಕಿ ದೊಡ್ಡ ಚೀಲವನ್ನೇ ತರಿಸಿದೆ. ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಹೊತ್ತಿಸಿ, ಮೇಲೆ ಬೂದಿ ಕಟ್ಟುವವರೆಗೆ ಕಾದು ಒಳಗೆ ಒಯ್ದರೆ ಮುಗಿಯಿತು. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ವೆಂಕಟರಮಣಪ್ಪನವರು ಮೂಗು ಹಿಡಿದುಕೊಂಡೇ ಬರಲಿ, ಸಿಗುವುದೇನು?

ಕಿಟಕಿಯ ಸಂದಿಯಿಂದ ಚಳಿ ಬರುತ್ತದೆ ಎಂದು ಅತ್ತೆ ಗೊಣಗುತ್ತಿದ್ದರು. ಅದಕ್ಕೂ ಸ್ಪಂಜಿನ ಟೇಪು ತರಿಸಿ ಸುತ್ತ ಅಂಟಿಸಿದೆ. ಬಚ್ಚಲಿನ ಗವಾಕ್ಷಿಗೆ ರಟ್ಟು ಹಾಕಿದೆ. ಬಾಗಿಲಡಿಯ ಸಂದಿಗೆ ಟವೆಲ್ಲು. ಒಂದು ಎಳೆ ಗಾಳಿ ನುಗ್ಗಲಿ ನೋಡೋಣ!

ಅತ್ತೆ ಕೆಂಡ ನೋಡಿ, ಕಿಟಕಿ ಮುಟ್ಟಿ ನೋಡಿ, “ನೀ ಶ್ಯಾಣ್ಯಾಕಿ ಅದಿ ಬಿಡವಾ,” ಎಂದರು. ಈರು ಅಡುಗೆಮನೆಯಲ್ಲಿ ನನ್ನನ್ನು ಎತ್ತಿ ತಿರುಗಿಸಿದ. ಈ ಮನೆಯಲ್ಲಿ ನನಗೂ ಬೆಲೆಯಿದೆ!

ಡಿಸೆಂಬರ್ 18, ಗುರುವಾರ

ಮಹಾರಾಣಿಗೆ ಈಗ ತಲೆನೋವು. ಅನ್ನ ಸೇರುವುದಿಲ್ಲ, ವಾಸನೆ ಬಂದರೆ ವಾಂತಿ. ಬಿಸಿ ಹಾಲು ಕೊಟ್ಟರೆ ಲೋಟ ಕೈ ಜಾರಿ ನನ್ನ ಕುರ್ತಾದ ಮೇಲೆಯೇ ಬೀಳಬೇಕೆ? “ವೈನಿ, ತಲಿ ಸಿಡೀತೈತ್ರೀ,” ಎಂದು ಕಣ್ಣು ಮುಚ್ಚಿದಳು. ಚೆಲ್ಲಿದ್ದು ಮರೆತವಳಂತೆ, ಹಾಲಾಯಿತೇ ಎಂದು ಮತ್ತೆ ಮತ್ತೆ ಕೇಳಿದಳು. ನನ್ನನ್ನು ಕೆಲಸದವಳಂತೆ ಓಡಾಡಿಸಲು ಮರೆವಿನ ನೆಪ ಬೇರೆ.

ಮಗು ಮಾತ್ರ ಬಂಗಾರ. ಅಳುವುದೇ ಇಲ್ಲ, ಸದಾ ನಿದ್ದೆ. “ಕೆಂಡದ ಶಾಖ ಮೈಗೆ ಹತ್ತೇತಿ,” ಎಂದು ಅತ್ತೆಗೆ ಹೆಮ್ಮೆ.

ಅತ್ತೆಗೂ ತಲೆನೋವಂತೆ. ಅದಕ್ಕೆ ನಾನು ಕಾರಣವಂತೆ, ಎದುರು ಮಾತಾಡುತ್ತೇನಲ್ಲ! ನನಗೂ ತಲೆನೋವು. ಅದಕ್ಕೆ ಅವರಿಬ್ಬರೂ ಕಾರಣ. ಮನೆಯಿಂದ ಕೆಲಸ ಮಾಡುವ ದಿನ, ಅವಳ ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತರೆ ಹಣೆ ಹಿಂಡುತ್ತದೆ. ಬೆಳ್ಳಂದೂರಿನ ಆಫೀಸಿಗೆ ಹೋದೆನೋ, ಮಾಯ. ಗಂಡನ ಮನೆಯೇ ನನಗೆ ಅಲರ್ಜಿ ಎಂದು ಅಮ್ಮನಿಗೆ ಮೆಸೇಜು ಹಾಕಿದೆ. ಅಮ್ಮ ನಗುವ ಗೊಂಬೆ ಕಳಿಸಿದಳು.

ಬೆಳಗ್ಗೆ ಹೋಗಿ ರಾತ್ರಿ ಬರುವ ಈರೇಶ್‌ಗೆ ಯಾವ ನೋವೂ ಇಲ್ಲ. “ನಿಂಗೆ ಅಡ್ಜಸ್ಟ್ ಮಾಡ್ಕೊಳ್ಳೋಕೆ ಬರಲ್ಲ ಸ್ಫೂ, ಅದೇ ತಲೆನೋವು,” ಎಂದ.

ಡಿಸೆಂಬರ್ 21, ಭಾನುವಾರ

ಐಶ್ವರ್ಯಾಳ ಗಂಡ ಗುರುರಾಜ್ ಪೀಣ್ಯದಿಂದ ಬಂದಿದ್ದರು. ಊರಿನ ಆ ತುದಿಯ ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಮ್ಮೆಯೇ ಬರಲಾಗುವುದು. ಅವರು ಮಗುವನ್ನು ಎತ್ತಿಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದುದರಿಂದ ಬಾಗಿಲು ಇಡೀ ದಿನ ತೆರೆದೇ ಇತ್ತು, ಕೆಂಡವನ್ನೂ ಹಾಕಲಿಲ್ಲ. ನಮ್ಮ ಮಹಾರಾಣಿ ರೊಟ್ಟಿ ತಿಂದಳು, ನಕ್ಕಳು, ನನ್ನ ಜಡೆ ಹೆಣೆದುಕೊಡುತ್ತೇನೆ ಎಂದಳು! ಮಗುವೂ ಕಿರುಚಿ ಕಿರುಚಿ ಅತ್ತಿತು. ಗಂಡ ಬಂದರೆ ತಲೆನೋವು ಮಾಯ, ಹೋದರೆ ಹಾಜರು. ಎಂಥ ನಟಿ! ಈ ನಾಟಕಕ್ಕೆ ನನ್ನ ಬೆಡ್‌ರೂಮೇ ರಂಗಮಂದಿರ.

ಡಿಸೆಂಬರ್ 23, ಮಂಗಳವಾರ

ಈರೇಶ್ ಜೊತೆ ಮಾತು ಬಿಟ್ಟಿದ್ದೇನೆ. ಕಾಫಿ ಬಂತು. ಟಿಶ್ಯೂ ಇರಲಿಲ್ಲ.

ಡಿಸೆಂಬರ್ 27, ಶನಿವಾರ

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತಿದ್ದೇನೆ.

ನಿನ್ನೆ ರಜೆ ಹಾಕಿದ್ದೆ. ಬಾಣಂತಿಗೆ ನೀರು ಹಾಕಿ, ಕೆಂಡ ಇಟ್ಟು, ಅತ್ತೆ ನನ್ನನ್ನು ಕರೆದರು. “ನಾ ಪೂಜಿಗೆ ಕೂಡ್ತೀನಿ. ನೀ ಒಳಗ ಕೂಡು. ಕಿಡಿ ಹಾರಿದ್ರ ನೋಡಾಕ ಒಬ್ಬರು ಬೇಕು.” ಬಾಗಿಲು ಮುಚ್ಚಿ ಟವೆಲ್ಲು ತುರುಕಿಕೊಂಡು ಕುಳಿತೆ. ಫೋನು ನೋಡುತ್ತಿದ್ದೆ. ಬೆಚ್ಚಗಿತ್ತು, ನಿಜ ಹೇಳಬೇಕೆಂದರೆ ಹಿತವಾಗಿತ್ತು.

“ನಿಮ್ಮ ರೂಮ್ ಕಸ್ಕೊಂಡೆ ಅಂತ ಸಿಟ್ಟೈತೇನ್ರೀ ವೈನಿ?” ಐಶ್ವರ್ಯಾ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಇಲ್ಲಪ್ಪ.”

“ಇದ್ರ ಬೈದ್ ಬಿಡ್ರಿ. ಒಬ್ಬರಾರ ನನ್ನ ಕೂಡ ಮಾತಾಡಿದಂಗ ಆಗತೈತಿ.”

ಚುಚ್ಚುವಂಥ ಉತ್ತರವನ್ನು ಹುಡುಕುತ್ತಿದ್ದೆ. ಫೋನಿನ ಅಕ್ಷರಗಳು ಈಜತೊಡಗಿದವು. ಕಿವಿಯಲ್ಲಿ ಎದೆ ಬಡಿತ. ಅವಳು ಇನ್ನೇನೋ ಹೇಳಲು ಹೊರಟವಳು ನಡುವೆ ನಿಲ್ಲಿಸಿಬಿಟ್ಟಳು. ಕರೆದೆ, ಉತ್ತರವಿಲ್ಲ. “ನಾಟಕ ಸಾಕು ಐಶ್ವರ್ಯಾ,” ಎಂದೆ. ಜೋರಾಗಿಯೇ ಎಂದೆ. ಆಗ ಮಗುವನ್ನು ನೋಡಿದೆ. ಅವಳ ತೋಳಿನ ಮೇಲೆ ಬಾಯಿ ತೆರೆದು ಬಿದ್ದಿತ್ತು, ಹಾಲು ನುಂಗದೆ ಕೆನ್ನೆಗೆ ಇಳಿಯುತ್ತಿತ್ತು.

ಎದ್ದೆ. ಕಾಲು ನನ್ನದಲ್ಲ ಅನಿಸಿತು. ಮಂಡಿಯೂರಿ ಬಿದ್ದೆ. ಅಂಬೆಗಾಲಿನಲ್ಲಿ ಬಾಗಿಲವರೆಗೆ ಹೋದರೆ ಟವೆಲ್ಲು ಸಿಕ್ಕಿಕೊಂಡು ಬಾಗಿಲು ಬರುತ್ತಿಲ್ಲ. ಎಳೆದೆ, ಎಳೆದೆ. ಹಾಲ್‌ನ ಗಾಳಿ ಮುಖಕ್ಕೆ ಬಡಿಯಿತು. ಅಲ್ಲೇ ವಾಂತಿ ಮಾಡಿಕೊಂಡೆ. ತಲೆ ತುಸು ತಿಳಿಯಾಯಿತು, ಮನೆ ಬಿಟ್ಟು ಆಫೀಸಿಗೆ ಹೋದಾಗ ಆಗುವಂತೆಯೇ. ಆಗ ಹೊಳೆಯಿತು. ಮನೆಯಲ್ಲ, ಮನೆಯವರಲ್ಲ, ಆ ಕೋಣೆ.

ಉಸಿರು ಬಿಗಿಹಿಡಿದು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದೆ. ಅತ್ತೆ ಎಡಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದರು. ಅವರ ಮಡಿಲಿಗೇ ಹಾಕಿದೆ. “ಪೂಜಿಯೊಳಗ ಮುಟ್ಟತೀಯೇನಲೇ!” ಎಂದು ಚೀರಿದವರು, ಮಗುವಿನ ಮುಖ ನೋಡಿ ಅದನ್ನು ಎದೆಗೆ ಅವಚಿಕೊಂಡರು. ಐಶ್ವರ್ಯಾಳನ್ನು ಕಂಬಳಿಸಮೇತ ದರದರ ಎಳೆದೆ. ಕಿರುಚಾಟ ಕೇಳಿ ಇಳಿದು ಬಂದ ವೆಂಕಟರಮಣಪ್ಪ ನಮ್ಮನ್ನು ಕಾರಿನಲ್ಲಿ ಹಾಕಿಕೊಂಡು, ಇಡೀ ದಾರಿ ಬೈಯುತ್ತಲೇ ಆಸ್ಪತ್ರೆಗೆ ಓಡಿಸಿದರು.

ತಾಯಿ ಮಗು ಇಬ್ಬರಿಗೂ ಆಮ್ಲಜನಕ ಕೊಡುತ್ತಿದ್ದಾರೆ. ಐಶ್ವರ್ಯಾಗೆ ಎಚ್ಚರವಾಗಿದೆ. ಮಗುವಿನದು ಇನ್ನೂ ಹೇಳಲಾಗದು ಎನ್ನುತ್ತಾರೆ.

ಇದ್ದಲು ತಂದವಳು ನಾನು. ಟೇಪು ಅಂಟಿಸಿದವಳೂ ನಾನು.

ಡಿಸೆಂಬರ್ 29, ಸೋಮವಾರ

ಮಗು ಅತ್ತಿತು. ನರ್ಸು ಓಡಿ ಬಂದು ಹೇಳಿದರು. ಆ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ.

ಗುರುರಾಜ್ ಮಗುವಿನ ಬಳಿಯಿಂದ ಕದಲಲಿಲ್ಲ. ಡಾಕ್ಟರಮ್ಮ ನಮ್ಮಿಬ್ಬರನ್ನೂ, ನನ್ನನ್ನೂ ಈರೇಶ್‌ನನ್ನೂ, ಕೂರಿಸಿ ಬಿಡಿಸಿ ಹೇಳಿದರು. ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. “ಹೊಗೆ ಇಲ್ಲ ಅಂದ್ರೆ ವಿಷ ಇಲ್ಲ ಅಂತಲ್ಲ. ಯಾವ ಇದ್ದಲಾದ್ರೂ ಅಷ್ಟೇ, ಸೌದೆಯಾದ್ರೂ ಅಷ್ಟೇ, ಬೆರಣಿಯಾದ್ರೂ ಅಷ್ಟೇ. ಮುಚ್ಚಿದ ಕೋಣೆ ಒಳಗೆ ಬೆಂಕಿ ಬೇಡವೇ ಬೇಡ. ಮಗೂನ ಎದೆಗೆ ಅಪ್ಕೊಂಡು ಹೊದ್ದುಕೊಂಡ್ರೆ ಅದೇ ಶಾಖ.”

ಹೊರಗೆ ಕಾಯುತ್ತಿದ್ದ ಅತ್ತೆಗೆ ಈರೇಶ್ ಹೇಳಿದ್ದು ಇಷ್ಟು: “ಆ ಇದ್ದಲು ಸರಿ ಇರಲಿಲ್ಲಂತ ಅವ್ವಾ.”

ನಾನು ಬಾಯಿ ತೆರೆದೆ. ಅವನು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದ.

ಊರಿನಿಂದ ಬಂದ ನೆಂಟರು ಕಾರಿಡಾರಿನಲ್ಲಿ ಪಿಸುಗುಡುತ್ತಿದ್ದರು. ಹೊಸ ಸೊಸೆ ಒಂದೇ ಸಲ ಒಳಗೆ ಕುಳಿತಳಂತೆ, ನೋಡು ಹೀಗಾಯಿತು. ಎಂಥ ಕಣ್ಣೋ!

ಜನವರಿ 3, ಶನಿವಾರ

ತಾಯಿ ಮಗುವನ್ನು ಮನೆಗೆ ಬಿಟ್ಟು ಗುರುರಾಜ್ ಪೀಣ್ಯಕ್ಕೆ ಮರಳಿದರು. ಎರಡು ದಿನವೂ ಕಳೆದಿಲ್ಲ, ಬಸ್ಸಿನಲ್ಲಿ ಒಂದು ಗೋಣಿಚೀಲ ಬಂತು. ಜಾಲಿ ಕಟ್ಟಿಗೆಯ ಇದ್ದಲು, ರಾಣೆಬೆನ್ನೂರಿನದು.

“ಇದು ನಮ್ಮ ಇದ್ದಲಿ. ಮೊಬೈಲ್‌ನಾಗ ತರಿಸಿದ್ದಲ್ಲ,” ಅತ್ತೆ ಚೀಲದ ಬಾಯಿ ಬಿಚ್ಚಿದರು. “ನಮ್ಮವ್ವ ನನ್ನ ಕಾಸ್ಯಾಳ, ನಾ ಇಬ್ಬರನ್ನ ಹಡದೀನಿ. ಯಾರೂ ಸತ್ತಿಲ್ಲ.”

“ಅತ್ತೆ, ಡಾಕ್ಟರ್ ಯಾವ ಇದ್ದಲೂ ಬೇಡ ಅಂದಿದಾರೆ. ನಿಮ್ಮ ಊರಿನ ಮನೆ ಹೆಂಚಿಂದು, ಗಾಳಿ ಆಡ್ತಿತ್ತು. ಇಲ್ಲಿ ಎಲ್ಲಾ ಮುಚ್ಚಿ—”

“ನನ್ನ ಮಗ ಹಂಗ ಹೇಳಿಲ್ಲ. ನೀ ಏನು ಹೆಚ್ಚಿಗಿ ಡಾಕ್ಟರೇನು?”

“ನಿಮ್ಮ ಮಗ ಸುಳ್ಳು ಹೇಳ್ದ.”

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಯಾರೂ ಆರಿಸಲು ಹೋಗಲಿಲ್ಲ.

“ನಿಜ ಹೇಳು,” ಎಂದೆ ಗಂಡನಿಗೆ. ಅವನು ಫೋನು ನೋಡುತ್ತಾ, “ಅವ್ವ, ಸ್ವಲ್ಪ ಕಿಟಕಿ ತೆಗೆದಿಟ್ಟು ಹಾಕು,” ಎಂದ. ಬೇಡ ಎನ್ನಲಿಲ್ಲ. ಹಾಕು ಎಂದ!

ಆಮೇಲೆ ಬಾಲ್ಕನಿಗೆ ಕರೆದೊಯ್ದು ಮೆಲ್ಲಗೆ, “ಸ್ವಲ್ಪ ದಿನ ಜಯನಗರಕ್ಕೆ, ನಿಮ್ಮಮ್ಮನ ಮನೆಗೆ ಹೋಗಿ ಬಾ ಸ್ಫೂ. ಅವ್ವನ ಸಿಟ್ಟು ಇಳೀಲಿ. ನೀನಿದ್ರೆ ಅವರು ಹಠಕ್ಕೆ ಬೀಳ್ತಾರೆ ಕಣೇ,” ಎಂದ. ಹದಿನೈದು ದಿನದ ಹಿಂದಾಗಿದ್ದರೆ ಕುಣಿದುಕೊಂಡು ಹೋಗುತ್ತಿದ್ದೆ.

ನಾನು ಮನೆಯಲ್ಲಿರುವ ತನಕ ಕೆಂಡ ಬಾಲ್ಕನಿ ದಾಟುವುದಿಲ್ಲ. ಹೋದರೆ ದಾಟುತ್ತದೆ. ಲೆಕ್ಕ ಅಷ್ಟೇ.

ಜನವರಿ 6, ಮಂಗಳವಾರ

ಆಫೀಸಿಗೆ ಹೋಗಲೇಬೇಕಿತ್ತು. ಮೀಟಿಂಗಿನ ನಡುವೆ ಸಂಜೆ ಕೆಂಡ ಹಾಕುವ ಹೊತ್ತು ನೆನಪಾಯಿತು, ಹೊಟ್ಟೆನೋವು ಎಂದು ಸುಳ್ಳು ಹೇಳಿ ಆಟೋ ಹತ್ತಿದೆ. ಮನೆಗೆ ಬಂದು ನೋಡಿದರೆ ಬಾಗಿಲಡಿಯಲ್ಲಿ ಟವೆಲ್ಲು!

ಒದ್ದು ನುಗ್ಗಿದೆ. ಹೊರಸಿನಡಿ ಕೆಂಡ ಆಗಷ್ಟೇ ಇಟ್ಟದ್ದು, ಕಿಟಕಿ ಬಿಗಿಯಾಗಿ ಮುಚ್ಚಿತ್ತು. ಐಶೂ ಎಚ್ಚರವಾಗಿದ್ದಳು, ಮಗುವೂ. ಅಗ್ಗಿಷ್ಟಿಕೆಯನ್ನು ಇಕ್ಕಳದಲ್ಲಿ ಹಿಡಿದು ಬಾಲ್ಕನಿಗೆ ಒಯ್ದು ಬಕೆಟ್ಟು ನೀರು ಸುರಿದೆ. ಬುಸ್ಸೆಂದು ಬೂದಿಯೆಲ್ಲ ನನ್ನ ಮುಖದ ಮೇಲೆ. ಬಾಣಂತಿಯ ಬೆಂಕಿ ಆರಿಸಿದವಳು ಉದ್ಧಾರವಾಗುವುದಿಲ್ಲ ಎಂದು ಅತ್ತೆ ನೆಟಿಗೆ ಮುರಿದರು. ಬೈಯಲಿ.

ಆದರೆ ನಾಳೆ? ನಾಡಿದ್ದು? ನಾನು ದಿನವೂ ಕಾವಲು ಕೂರಲಾಗದು. ಕಿಟಕಿಯನ್ನು ನೋಡಿದೆ. ಜಾರಿಸುವ ಗಾಜಿನ ಬಾಗಿಲುಗಳು, ಎರಡು. ಮೇಲಕ್ಕೆತ್ತಿ ಒಳಗೆ ಎಳೆದರೆ ಚೌಕಟ್ಟಿನಿಂದ ಹೊರಗೆ ಬರುತ್ತವೆ, ದೀಪಾವಳಿಗೆ ಅಮ್ಮನ ಮನೆಯಲ್ಲಿ ತೊಳೆಯಲು ನಾನೇ ಎಷ್ಟು ಸಲ ತೆಗೆದಿಲ್ಲ! ಎರಡನ್ನೂ ತೆಗೆದೆ. ಸೊಳ್ಳೆ ಪರದೆಯ ಬಾಗಿಲೊಂದನ್ನು ಬಿಟ್ಟೆ. ಮೊಳೆ ಹೊಡೆದಿದ್ದ ಬೆಡ್‌ಶೀಟನ್ನೂ ಬಚ್ಚಲಿನ ರಟ್ಟನ್ನೂ ಕಿತ್ತೆ.

ಒಂದೊಂದಾಗಿ ಲಿಫ್ಟಿನಲ್ಲಿ ಹೊತ್ತು ಮೇಲಿನ ಮಹಡಿಗೆ ಒಯ್ದೆ. ವೆಂಕಟರಮಣಪ್ಪ ಬನಿಯನ್ನಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಏನಮ್ಮಾ ಇದು, ನನ್ನ ಕಿಟಕೀನೇ ಕಿತ್ಕಂಡ್ ಬಂದಿದ್ದೀಯಾ! ಮುಖ ನೋಡು, ಒಲೆ ಒಳಕ್ಕೆ ತಲೆ ಆಕಿದ್ಯಾ?”

“ಬಚ್ಚಿಡಿ ಸಾರ್. ನಮ್ಮನೇಲಿ ಯಾರು ಕೇಳಿದ್ರೂ ಕೊಡ್ಬೇಡಿ. ಕೊಟ್ರೆ ಆ ರೂಮಲ್ಲಿ ಎರಡು ಹೆಣ ಬೀಳುತ್ತೆ. ಅವತ್ತು ಆಸ್ಪತ್ರೇಲಿ ನೀವೇ ನೋಡಿದ್ರಲ್ಲ.”

ಅವರ ಕೈ ನಿಂತಿತು. “ಸಾವಾದ ಮನೆಗೆ ಯಾವ ನನ್ಮಗ ಬಾಡಿಗೆಗೆ ಬತ್ತಾನೆ?” ಎಂದವರೇ ಗಾಜುಗಳನ್ನು ಒಳಗೊಯ್ದು ಬೀರುವಿನ ಹಿಂದೆ ನಿಲ್ಲಿಸಿದರು. “ಬಾಣಂತನ ಮುಗಿಯೋಗಂಟ ಕೊಡಾಕಿಲ್ಲ. ಒಂದು ಗೀರು ಬಿದ್ದಿದ್ರೂ ನಿನ್ನ ಗಂಡನ ತಾವ ವಸೂಲ್ ಮಾಡ್ತೀನಿ, ತಿಳ್ಕೋ.”

ಕೆಟ್ಟ ಮನುಷ್ಯ. ಕಾಲಿಗೆ ಬೀಳಬೇಕು ಅನಿಸಿತು.

ಜನವರಿ 8, ಗುರುವಾರ

ನಿನ್ನೆ ಇಡೀ ದಿನ ಯುದ್ಧ. ಗಂಡ ಗಾಜು ಕೇಳಲು ಮೇಲೆ ಹೋಗಿ, ಬೈಸಿಕೊಂಡು ಬರಿಗೈಯಲ್ಲಿ ಬಂದ. ಅತ್ತೆ ಕಿಟಕಿಗೆ ಕಂಬಳಿ ಕಟ್ಟಿದರು. ಹಿಂದಿನಿಂದಲೇ ಐಶೂ ಎದ್ದು ಬಿಚ್ಚಿದಳು. ನಾನು ನೋಡುತ್ತಲೇ ನಿಂತಿದ್ದೆ. ಗೋಡೆ ಹಿಡಿದುಕೊಂಡು, ಒಂದೊಂದೇ ಗಂಟು.

“ಏನ್ ಮಾಡಾಕತ್ತೀಲೇ, ಥಂಡಿ ಆಗತೈತಿ!” ಅತ್ತೆ ಕೂಗಿದರು.

“ಆಗಲಿ ಬಿಡವ್ವಾ. ಥಂಡಿ ಆದ್ರ ಹೊದ್ಕೊಂತೀನಿ. ಅವತ್ತು ಎದ್ದು ಬಾಗಿಲ ತಗೀಬೇಕಂದ್ರ ನನ್ನ ಕೈ ಎತ್ತಾಕ ಬಂದಿಲ್ಲ. ನಿಮ್ಮನ್ನ ಕರದೆ, ದನಿ ಬಂದಿಲ್ಲ.” ಅವಳು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. “ವೈನಿ ಬೈಯೂದು ಕೇಳಿಸ್ತಿತ್ತು. ನಾಟಕ ಅಂದ್ರು.”

ಮಗುವಿನ ಟೋಪಿ ಸರಿಮಾಡಿದೆ.

ಇವತ್ತು ಬೆಳಗ್ಗೆ ಗಂಡ ನನ್ನ ಬಟ್ಟೆಗಳನ್ನು ಮಡಚಿ ಸೂಟ್‌ಕೇಸಿಗೆ ಹಾಕಿ ಬಾಗಿಲ ಬಳಿ ತಂದಿಟ್ಟಿದ್ದ. ಕ್ಯಾಬು ಬುಕ್ ಮಾಡಿದ್ದನಂತೆ. ಕೆಳಗೆ ಬಂದು ನಿಂತಿದೆ ಎಂದು ಡ್ರೈವರ್ ಫೋನಿನ ಮೇಲೆ ಫೋನು ಮಾಡುತ್ತಿದ್ದ. ನಾನು ಒಲೆಯ ಮುಂದೆ ನಿಂತು ಮಗುವಿನ ಬಿಸಿನೀರಿನ ಚೀಲ ತುಂಬುತ್ತಿದ್ದೆ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಗಿತ್ತು. ಅತ್ತಿದ್ದರೋ, ನಿದ್ದೆ ಬಂದಿರಲಿಲ್ಲವೋ.

“ನೀ ಈ ಮನ್ಯಾಗ ಇರೂತನಕ ನನ್ನ ಮಗಳಿಗೆ ಒಂದು ಕೆಂಡ ಹಾಕಾಕ ಆಗೂದಿಲ್ಲ, ಹೌದಿಲ್ಲೋ?”

“ಹೌದು ಅತ್ತೆ,” ಎಂದೆ. ಚೀಲದ ಬಿರಡೆ ಬಿಗಿದು ಕೆನ್ನೆಗಿಟ್ಟು ಬಿಸಿ ನೋಡಿದೆ. “ಆ ಕ್ಯಾಬಿನವನಿಗೆ ಹೋಗು ಅಂತ ಹೇಳೋಕೆ ಹೇಳಿ ನಿಮ್ಮ ಮಗನಿಗೆ.”